ಜೀಪಿನಿಂದ ಇಳಿದವರಿಗೆ ಕೇಳುವ ಕಾಡು

ಹೆಬ್ಬೆರಳಿಗಿಂತ ತುಸು ದೊಡ್ಡದಾದ, ಬೂದು ಹಸಿರು ಮೈಯ ಒಂದು ಹಕ್ಕಿಗೆ ಕನ್ನಡದಲ್ಲಿ ಬದನಿಕೆ ಹಕ್ಕಿ ಎಂಬ ಹೆಸರಿದೆ. ತೂಕ ಆರೇಳು ಗ್ರಾಂ. ಮರದ ಕೊಂಬೆಯ ಮೇಲೇ ಬೇರೂರಿ, ಆ ಮರದ ರಸವನ್ನು ಹೀರಿ ಬದುಕುವ ಬದನಿಕೆಯ ಹಣ್ಣೆಂದರೆ ಅದಕ್ಕೆ ಪ್ರಾಣ. ಹಣ್ಣಿನೊಳಗಿನ ಬೀಜಕ್ಕೆ ಗೋಂದಿನಂಥ ಅಂಟಿನ ಲೇಪವಿರುತ್ತದೆ. ಹೊಟ್ಟೆಯೊಳಗೆ ಕೆಲವೇ ನಿಮಿಷ ಇದ್ದು ಹೊರಬಂದ ಬೀಜ ನೆಲಕ್ಕೆ ಉದುರದೆ ಹಕ್ಕಿಯ ಹಿಂಬದಿಗೇ ಅಂಟಿಕೊಳ್ಳುತ್ತದೆ. ಹಕ್ಕಿ ಅದನ್ನು ಕೊಂಬೆಗೆ ಒರೆಸಿ ಹಾರಿಹೋಗುತ್ತದೆ. ಒರೆಸಿದ ಜಾಗದಲ್ಲಿ ಮತ್ತೊಂದು ಬದನಿಕೆ ಮೊಳೆಯುತ್ತದೆ. ಹಕ್ಕಿ, ಹಣ್ಣು, ಮರ ಈ ಮೂರರ ನಂಟನ್ನು ಒಂದೇ ಪದದಲ್ಲಿ ಕಟ್ಟಿಟ್ಟವರು ಯಾರೋ ನಮಗೆ ಗೊತ್ತಿಲ್ಲ. ಅವರು ಮರದ ಕೆಳಗೆ ನಿಂತು, ಕತ್ತೆತ್ತಿ, ಹೊತ್ತು ಹೋಗುವಷ್ಟು ನೋಡಿದವರು ಎಂಬುದು ಮಾತ್ರ ಖಾತ್ರಿ. ಓಡುವ ಗಾಡಿಯಲ್ಲಿ ಕೂತವರಿಗೆ ಇಂಥ ಹೆಸರು ಹೊಳೆಯುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಬದನಿಕೆ ಸಣ್ಣ ವಿಷಯವಲ್ಲ. ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ಜೇನು, ಪಾಚಿ, ಸೀಗೆಯ ಜೊತೆ ನೆಲ್ಲಿಕಾಯಿಯನ್ನೂ ಕೊಯ್ದು ಬದುಕಿದವರು. ನೆಲ್ಲಿ ಮರಗಳಿಗೆ ಬದನಿಕೆ ಹತ್ತಿ ಫಸಲು ಕುಗ್ಗುತ್ತಿದೆ, ಮರವೇ ಒಣಗುತ್ತಿದೆ ಎಂದು ಅವರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಬೆಟ್ಟದಲ್ಲಿ ಬಹುಕಾಲ ಕೆಲಸ ಮಾಡಿದ ಪರಿಸರ ವಿಜ್ಞಾನಿಗಳ ಅಧ್ಯಯನಗಳೂ ಆ ಮಾತನ್ನು ಒಪ್ಪಿವೆ. ಹಿಂದೆ ಬೇಸಿಗೆ ಏರುವ ಮೊದಲೇ ಹಾಕುತ್ತಿದ್ದ ತರಗು ಬೆಂಕಿ, ಎಂದರೆ ಒಣ ಎಲೆಯನ್ನಷ್ಟೇ ಸುಟ್ಟು ಬೇಗ ಆರುವ ಸಣ್ಣ ಬೆಂಕಿ, ಬದನಿಕೆಯನ್ನೂ ಲಂಟಾನ ಎಂಬ ಕಳೆಯನ್ನೂ ಅಂಕೆಯಲ್ಲಿಟ್ಟಿತ್ತು ಎಂಬುದು ಸೋಲಿಗರ ವಿವರಣೆ. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಆ ಮೇಲೆ ಲಂಟಾನ ನುಗ್ಗಿದ ಪರಿ ಲೆಕ್ಕದಲ್ಲೇ ಇದೆ: ಬೆಟ್ಟದಾದ್ಯಂತ ಗುರುತಿಸಿದ ಅಧ್ಯಯನ ತಾಕುಗಳಲ್ಲಿ 1997ರಲ್ಲಿ ಸುಮಾರು ಶೇ 41ರಲ್ಲಿ ಇದ್ದ ಲಂಟಾನ, 2008ರ ಹೊತ್ತಿಗೆ ಶೇ 81ರಲ್ಲಿ ಕಾಣಿಸಿಕೊಂಡಿತು. ಒಂದೇ ದಶಕದಲ್ಲಿ ಕಾಡಿನ ಕೆಳಹಂತದ ಚಹರೆಯೇ ಬದಲಾಯಿತು. ಸಫಾರಿಗೆ ಬಂದುಹೋದ ಪ್ರವಾಸಿಗಳಲ್ಲಿ ಇದನ್ನು ಗಮನಿಸಿದವರು ಎಷ್ಟು ಮಂದಿ?

ಪ್ರಶ್ನೆ ಪ್ರವಾಸಿಯನ್ನು ಹಂಗಿಸಲು ಕೇಳಿದ್ದಲ್ಲ. ಅವನಿಗೆ ಕಾಡನ್ನು ತೋರಿಸುವ ಏರ್ಪಾಡೇ ಹಾಗಿದೆ. ನಮ್ಮ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಸಾರ್ವಜನಿಕರಿಗೆ ತೆರೆದಿರುವ ಮುಖ್ಯ ಬಾಗಿಲು ಜೀಪ್ ಸಫಾರಿ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ದಾರಿ ಬಿಟ್ಟು ಇಳಿಯುವಂತಿಲ್ಲ. ವಾಪಸು ಬಂದವರಿಗೆ ಎದುರಾಗುವ ಪ್ರಶ್ನೆ ಒಂದೇ, ‘ಹುಲಿ ಸಿಕ್ತಾ?’ ಸಿಗದಿದ್ದರೆ ದುಡ್ಡು ದಂಡ. ಬಿಳಿಗಿರಿರಂಗನ ಬೆಟ್ಟದಂಥ ಎಲೆಯುದುರುವ ಗುಡ್ಡಗಾಡುಗಳ ಅಂಚಿನಲ್ಲಿ, ಅದೂ ಬಫರ್ ವಲಯದಲ್ಲಿ, ಕೆಲವೇ ಕೆಲವು ಹಕ್ಕಿ ಕಾಲುದಾರಿಗಳನ್ನು ಬಿಗಿಯಾದ ನಿಯಮದೊಂದಿಗೆ ತೆರೆಯಬೇಕು. ಅವುಗಳ ಹೊಣೆಯನ್ನು ಸೋಲಿಗರ ಗ್ರಾಮಸಭೆಗಳಿಗೆ ಒಪ್ಪಿಸಬೇಕು. ಅಲ್ಲಿ ನಡೆದ ಪ್ರತಿಯೊಬ್ಬರೂ ಕಂಡ ಹಕ್ಕಿಗಳ ಪಟ್ಟಿಯನ್ನು ಕೊಟ್ಟೇ ಹೊರಬರಬೇಕು. ಇದು ಈ ಬರಹದ ವಾದ. ಹಕ್ಕಿ ನೋಡುವುದು ಉಳ್ಳವರ ವಾರಾಂತ್ಯದ ಹವ್ಯಾಸವಾಗಿ ಉಳಿಯುವ ಬದಲು ಕಾಡಿನ ಆರೋಗ್ಯದ ದಿನಚರಿಯಾಗಬೇಕಾದರೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಹತ್ತಿರದ ದಾರಿ ಕಾಣುವುದಿಲ್ಲ.

ಮೊದಲು ಜಾಗದ ಮಾತು. ಬಿಳಿಗಿರಿರಂಗನಾಥಸ್ವಾಮಿ ದೇವಸ್ಥಾನ ಹುಲಿ ಸಂರಕ್ಷಿತ ಪ್ರದೇಶದ ಹರವು ಸುಮಾರು 574 ಚದರ ಕಿಲೋಮೀಟರ್. ಅದರಲ್ಲಿ ಕೋರ್ ಸುಮಾರು 359, ಉಳಿದದ್ದು ಬಫರ್. ಬುಡದಲ್ಲಿ 600 ಮೀಟರಿನ ಆಸುಪಾಸಿನ ಕುರುಚಲು ಕಾಡಿನಿಂದ ಶುರುವಾಗಿ 1800 ಮೀಟರ್ ಮುಟ್ಟುವ ನೆತ್ತಿಯವರೆಗೆ ಹಂತಹಂತವಾಗಿ ಕಾಡು ಬದಲಾಗುತ್ತ ಹೋಗುತ್ತದೆ. ದಿಂಡಿಗ, ಮತ್ತಿ, ಹೊನ್ನೆ, ತಾರೆ, ನೆಲ್ಲಿ ತುಂಬಿದ ಎಲೆಯುದುರುವ ಕಾಡೇ ಅದರ ಬೆನ್ನೆಲುಬು. ಕಣಿವೆಗಳಲ್ಲಿ ನಿತ್ಯಹಸಿರು, ನೆತ್ತಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ. ಪೂರ್ವ ಘಟ್ಟ, ಪಶ್ಚಿಮ ಘಟ್ಟ ಎರಡನ್ನೂ ಕೂಡಿಸುವ ಸೇತುವೆ ಇದು. ಹಾಗಾಗಿ ಬಯಲಿನ ಹಕ್ಕಿಯೂ ಮಲೆನಾಡಿನ ಹಕ್ಕಿಯೂ ಒಂದೇ ಮುಂಜಾನೆಯ ಪಟ್ಟಿಯಲ್ಲಿ ಬರಬಹುದು. ಇಲ್ಲಿ ದಾಖಲಾದ ಹಕ್ಕಿ ಜಾತಿಗಳು 250ಕ್ಕೂ ಹೆಚ್ಚು. 1939–40ರ ಮೈಸೂರು ಹಕ್ಕಿ ಸಮೀಕ್ಷೆಗೆ ಪಕ್ಷಿ ವಿಜ್ಞಾನಿ ಸಲೀಂ ಅಲಿ ಬಂದಾಗ ಈ ಬೆಟ್ಟವನ್ನು ಬಿಡದೆ ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ. ಎಂಬತ್ತು ವರ್ಷಕ್ಕೂ ಹಿಂದಿನ ಆ ದಾಖಲೆಗೆ ಇಂದು ಹೋಲಿಸಿ ನೋಡಲು ಬೇಕಾದಷ್ಟು ನಿರಂತರ ಎಣಿಕೆ ನಮ್ಮ ಕೈಯಲ್ಲಿದ್ದರೆ ಏನೆಲ್ಲ ತಿಳಿಯುತ್ತಿತ್ತು!

ಎಲೆಯುದುರುವ ಕಾಡನ್ನು ಕಾಲ್ನಡಿಗೆಯಲ್ಲೇ ನೋಡಬೇಕು ಎನ್ನುವುದಕ್ಕೆ ಕಾರಣವಿದೆ. ನಿತ್ಯಹಸಿರು ಕಾಡಿನಲ್ಲಿ ಎಲೆಗೋಡೆ ಕಣ್ಣಿಗೆ ಅಡ್ಡ. ಇಲ್ಲಿ ಮಾಘ ಫಾಲ್ಗುಣದ ಹೊತ್ತಿಗೆ ಮರಗಳು ಬೋಳಾಗುತ್ತವೆ, ಮುತ್ತುಗ, ಬೂರುಗ, ಹಾಲುವಾಣಗಳು ಎಲೆಯಿಲ್ಲದ ಕೊಂಬೆಯಲ್ಲಿ ಕೆಂಪಗೆ ಹೂ ಬಿಡುತ್ತವೆ. ಒಂದೇ ಬೂರುಗದ ಮರಕ್ಕೆ ಸೂರಕ್ಕಿ, ಎಲೆಹಕ್ಕಿ, ಕಾಜಾಣ, ಮೈನಾ, ಪಿಕಳಾರ ಎಲ್ಲ ಮಕರಂದಕ್ಕೆ ಬಂದು ಜಗಳವಾಡುತ್ತವೆ. ಹಿಮಾಲಯದಿಂದಲೂ ಅದರಾಚೆಯಿಂದಲೂ ಚಳಿಗಾಲ ಕಳೆಯಲು ಬಂದ ಹಸಿರು ಉಲಿಯಕ್ಕಿಗಳು ಎಲೆ ಉದುರಿದಂತೆಲ್ಲ ಹುಳ ಸಿಗುವ ಮರಗಳನ್ನು ಅರಸಿ ತಿರುಗುತ್ತವೆ. ಮುಂಗಾರಿನ ಮೊದಲ ಮಳೆಗೆ ಇದೇ ಕಾಡು ಎರಡು ವಾರದಲ್ಲಿ ಹಸಿರಾಗಿ, ಕೋಗಿಲೆಚಾಣದ ಏರುದನಿ ತುಂಬಿಕೊಳ್ಳುತ್ತದೆ. ಎಂದರೆ ಈ ಕಾಡಿಗೆ ತಿಥಿ, ನಕ್ಷತ್ರ ಇದೆ. ಒಂದೇ ಜಾಗಕ್ಕೆ ವರ್ಷದ ಆರು ಋತುವಿನಲ್ಲೂ ಹೋದವರಿಗೆ ಮಾತ್ರ ಅದರ ಪಂಚಾಂಗ ತಿಳಿಯುತ್ತದೆ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಜೀಪಿನಲ್ಲಿ ಸುತ್ತಿದರೆ ಗೊತ್ತಾಗುವುದು ಆ ದಿನದ ಧೂಳು ಮಾತ್ರ.

ಎರಡನೆಯದು ಕಿವಿಯ ಮಾತು. ಇಲ್ಲಿನ ಹಕ್ಕಿಗಳು ಒಂಟೊಂಟಿಯಾಗಿ ಸಿಗುವುದಕ್ಕಿಂತ ಬೆರಕೆ ಗುಂಪಾಗಿ ಸಿಗುವುದೇ ಹೆಚ್ಚು. ಹತ್ತು ನಿಮಿಷ ನಿಶ್ಶಬ್ದವಾಗಿದ್ದ ಜಾಗದಲ್ಲಿ ಎಲ್ಲೋ ಮೊದಲು ಭೀಮರಾಜನ ಲೋಹದಂಥ ದನಿ ಕೇಳುತ್ತದೆ. ಅದರ ಹಿಂದೆಯೇ ಮರದ ನೆತ್ತಿಯಲ್ಲಿ ಚಿತ್ರಪಕ್ಷಿಗಳ ಕೆಂಪು ಹಳದಿ ಮಿಂಚು, ನಡುಕೊಂಬೆಗಳಲ್ಲಿ ಉಲಿಯಕ್ಕಿಗಳ ಚಡಪಡಿಕೆ, ಕಾಂಡದ ಮೇಲೆ ತಲೆಕೆಳಗಾಗಿ ಓಡುವ ಪುಟ್ಟ ನೀಲಿ ಹಕ್ಕಿ, ಒಣಕೊಂಬೆ ತಟ್ಟುವ ಮರಕುಟಿಗ, ನೆಲದ ಪೊದೆಯಲ್ಲಿ ತರಗು ಕೆದಕುವ ಹರಟೆಮಲ್ಲಗಳು. ಒಬ್ಬರು ಎಬ್ಬಿಸಿದ ಹುಳ ಇನ್ನೊಬ್ಬರಿಗೆ ಊಟ. ಭೀಮರಾಜ ಇವರೆಲ್ಲರ ಕಾವಲುಗಾರ, ಅದಕ್ಕೆ ಕೂಲಿಯಾಗಿ ಹಾರಿಬಿದ್ದ ಹುಳ ಅವನಿಗೆ. ಬಿಜ್ಜು ಸುಳಿದರೆ ಮೊದಲು ಕೂಗುವವನು ಅವನೇ. ಬಿಜ್ಜುವಿನ ದನಿಯನ್ನೇ ಅಣಕಿಸಿ ಕೂಗುವುದೂ ಉಂಟು. ಐದು ನಿಮಿಷದಲ್ಲಿ ಗುಂಪು ದಾಟಿ ಹೋಗುತ್ತದೆ, ಮತ್ತೆ ಮೌನ. ಡೀಸೆಲ್ ಎಂಜಿನ್ನಿನ ಸದ್ದಿನ ನಡುವೆ ಈ ಮೆರವಣಿಗೆಯ ಮೊದಲ ತುತ್ತೂರಿಯೇ ಕೇಳುವುದಿಲ್ಲ. ಕೇಳದವರು ಅತ್ತ ತಿರುಗುವುದೂ ಇಲ್ಲ. ಅನುಭವಿ ಹಕ್ಕಿ ವೀಕ್ಷಕರ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಮೊದಲು ಕಿವಿಗೆ ಸಿಕ್ಕಿ ಆಮೇಲೆ ಕಣ್ಣಿಗೆ ಬಿದ್ದವು ಎಂದರೆ ಅದು ಉತ್ಪ್ರೇಕ್ಷೆ ಆಗದು.

ಇಷ್ಟಾದರೂ ಇದರಿಂದ ಕಾಡಿಗೇನು ಲಾಭ ಎಂದು ಕೇಳಬಹುದು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯೇ ಉತ್ತರ. ದೇಶದ 942 ಜಾತಿಗಳನ್ನು ಅದು ಪರಿಶೀಲಿಸಿತು. ದೀರ್ಘಾವಧಿಯ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ ಎಂದು ಕಂಡುಕೊಂಡಿತು. 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದಿತು. ಈ ಲೆಕ್ಕ ಹುಟ್ಟಿದ್ದು ಯಾವುದೇ ಇಲಾಖೆಯ ಕಡತದಿಂದಲ್ಲ. ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ತಮ್ಮ ಊರು, ಕೆರೆ, ತೋಟಗಳಲ್ಲಿ ನಡೆದು ಬರೆದ ಮೂರು ಕೋಟಿ ದಾಖಲೆಗಳಿಂದ. ಆದರೆ ಅದೇ ವರದಿಯಲ್ಲಿ, ಪರಿಶೀಲನೆಗೆ ಬಂದ 942ರಲ್ಲಿ ದೀರ್ಘಾವಧಿಯ ಗತಿ ತಿಳಿದದ್ದು 338ಕ್ಕೆ ಮಾತ್ರ ಎಂಬುದನ್ನೂ ಗಮನಿಸಿ. ಉಳಿದವು ಚೆನ್ನಾಗಿವೆ ಎಂದಲ್ಲ, ಅವನ್ನು ಸಾಕಷ್ಟು ವರ್ಷ ಸಾಕಷ್ಟು ಜನ ಎಣಿಸಿಲ್ಲ ಎಂದರ್ಥ. ಲಾಲ್‌ಬಾಗಿನ ಹಕ್ಕಿಗೆ ಎಣಿಸುವವರ ಬರವಿಲ್ಲ. ಕಾಲಿಡಲು ಬಿಡದ ಕಾಡಿನ ಒಳಹಕ್ಕಿಗೆ ಇದೆ.

ಹುಲಿಯ ಸಂಗತಿ ನೋಡಿ. ನಾಲ್ಕು ವರ್ಷಕ್ಕೊಮ್ಮೆ ದೇಶವೆಲ್ಲ ಕ್ಯಾಮೆರಾ ಕಟ್ಟಿ ಎಣಿಸುತ್ತೇವೆ. 2022ರ ಲೆಕ್ಕದಲ್ಲಿ ಕರ್ನಾಟಕದ ಪಾಲು 563. ಅದು ಹೆಮ್ಮೆಯ ಕೆಲಸವೇ. ಹುಲಿ ಉಳಿದರೆ ಅದರ ನೆರಳಿನಲ್ಲಿ ಉಳಿದೆಲ್ಲವೂ ಉಳಿಯುತ್ತದೆ ಎಂಬ ಮಾತಿನಲ್ಲಿ ಸತ್ಯವೂ ಇದೆ: ಕಾಡೇ ಇಲ್ಲದ ಮೇಲೆ ಹಕ್ಕಿ ಎಲ್ಲಿ? ಆದರೆ ಆ ಮಾತು ಕಾಡಿನ ಗಡಿಯ ಬಗ್ಗೆ ಹೇಳುವಷ್ಟನ್ನು ಕಾಡಿನ ಒಳಗಿನ ಬದಲಾವಣೆಯ ಬಗ್ಗೆ ಹೇಳುವುದಿಲ್ಲ. ಲಂಟಾನ ಹಬ್ಬಿದ ಕಾಡಿನಲ್ಲೂ ಹುಲಿ ಓಡಾಡುತ್ತದೆ, ಕ್ಯಾಮೆರಾಕ್ಕೆ ಸಿಗುತ್ತದೆ, ಸಂಖ್ಯೆ ಏರಲೂಬಹುದು. ಅದೇ ಪೊದೆಯ ಕೆಳಗೆ ತರಗು ಕೆದಕಿ ಬದುಕುವ ಹಕ್ಕಿಗೆ, ಹುಲ್ಲು ಬೀಜ ನೆಚ್ಚಿದ ಹಕ್ಕಿಗೆ, ಎಳೆಮರಗಳ ಮೇಲಿನ ಹುಳ ನೆಚ್ಚಿದ ಹಕ್ಕಿಗೆ ಜಾಗ ಕಮ್ಮಿಯಾಗುತ್ತ ಬರುತ್ತದೆ. ಅತ್ತ ಲಂಟಾನದ ಹಣ್ಣು ತಿಂದು ಬೀಜ ಹರಡುವ ಪಿಕಳಾರಗಳಿಗೆ ಸುಗ್ಗಿ. ಯಾವ ಹಕ್ಕಿ ಹೆಚ್ಚಿತು, ಯಾವುದು ಮಾಯವಾಯಿತು ಎಂಬ ಪಟ್ಟಿಯನ್ನು ಒಂದೇ ದಾರಿಯಲ್ಲಿ ಹತ್ತು ವರ್ಷ ಇಟ್ಟರೆ, ಕಾಡಿನ ಕೆಳಹಂತದಲ್ಲಿ ಏನಾಗುತ್ತಿದೆ ಎಂಬುದು ಹುಲಿಯ ಲೆಕ್ಕಕ್ಕಿಂತ ಮೊದಲೇ ಗೊತ್ತಾಗುತ್ತದೆ. ಇಂದು ಲಂಟಾನ ಕೀಳಲು ಹಣ ಖರ್ಚಾಗುತ್ತಿದೆ. ಕಿತ್ತ ಜಾಗದಲ್ಲಿ ಕಾಡು ಮರಳಿತೋ, ಇನ್ನೊಂದು ಕಳೆ ಬಂದು ಕೂತಿತೋ ಎಂದು ಹೇಳಲು ಕೀಳುವ ಮೊದಲಿನ ಪಟ್ಟಿ, ಕಿತ್ತ ಮೇಲಿನ ಪಟ್ಟಿ ಎರಡೂ ಬೇಕು.

ಹವ್ಯಾಸಿಗಳ ಪಟ್ಟಿಯನ್ನು ನಂಬಬಹುದೇ? ನ್ಯಾಯವಾದ ಸಂದೇಹ. ಅಪರೂಪದ್ದನ್ನು ಕಂಡೆ ಎನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಇದಕ್ಕೆ ನೆರೆಯ ಕೇರಳ ಪರಿಹಾರ ಕಂಡುಕೊಂಡಾಗಿದೆ. 2015ರಿಂದ 2020ರವರೆಗೆ ನಡೆದ ಕೇರಳ ಹಕ್ಕಿ ಅಟ್ಲಾಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯವನ್ನು ಚೌಕಗಳಾಗಿ ಹಂಚಿಕೊಂಡು, ಒಂದೇ ವಿಧಾನದಲ್ಲಿ, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ನಡೆದು ಮೂರು ಲಕ್ಷಕ್ಕೂ ಹೆಚ್ಚು ದಾಖಲೆ ಮಾಡಿದರು. 361 ಜಾತಿಗಳ ನೆಲೆ ನಕ್ಷೆಗೆ ಬಂತು. ಇಡೀ ರಾಜ್ಯವನ್ನು ಆವರಿಸಿದ ಅಂಥ ಕೆಲಸ ದೇಶದಲ್ಲಿ ಅದೇ ಮೊದಲು. ಇಷ್ಟು ಹೊತ್ತು, ಇಷ್ಟು ದೂರ, ಕಂಡದ್ದನ್ನೆಲ್ಲ ಬರೆಯಬೇಕು, ಕಾಣದ್ದನ್ನು ಬರೆಯಬಾರದು ಎಂಬ ಶಿಸ್ತೇ ಅಲ್ಲಿನ ಬಂಡವಾಳ. ಆ ಶಿಸ್ತಿದ್ದರೆ ಒಬ್ಬನ ತಪ್ಪು ನೂರು ಜನರ ಸರಿಯ ನಡುವೆ ಎದ್ದು ಕಾಣುತ್ತದೆ. ನಮ್ಮಲ್ಲೂ ಮೈಸೂರಿನ ಹಕ್ಕಿಪ್ರೇಮಿಗಳು ಈ ಮೊದಲೇ ತಮ್ಮ ನಗರದ ಹಕ್ಕಿ ಅಟ್ಲಾಸ್ ಮಾಡಿ ತೋರಿಸಿದ್ದಾರೆ. ಕೈಯಲ್ಲಿ ಕಸುಬು ಇದೆ. ಇಲ್ಲದ್ದು ಕಾಡಿನ ಬಾಗಿಲು.

ಬಾಗಿಲು ತೆರೆಯುವುದಕ್ಕೆ ಕಾನೂನು ಅಡ್ಡಿಯೆಂದು ಹೇಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಅಭಯಾರಣ್ಯ ಪ್ರವೇಶವನ್ನು ನಿರ್ಬಂಧಿಸುತ್ತದೆ, ನಿಜ. ಮುಂದಿನ 28ನೇ ಕಲಂ ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ ಇವುಗಳಿಗೆ ಅನುಮತಿ ಕೊಡುವ ಅಧಿಕಾರವನ್ನು ಇಲಾಖೆಗೇ ಕೊಟ್ಟಿದೆ. ಜೀಪುಗಳು ಒಳಗೆ ಹೋಗುತ್ತಿರುವುದು ಅದೇ ಬಾಗಿಲಿನಿಂದ. ಅನುಮತಿಗೆ ಚಕ್ರವೇ ಬೇಕು, ಕಾಲು ಸಲ್ಲದು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಅದಕ್ಕೂ ಮಿಗಿಲಾಗಿ, ಈ ಬೆಟ್ಟದ ವಿಷಯದಲ್ಲಿ ಇನ್ನೊಂದು ಕಾಯ್ದೆಯಿದೆ. 2011ರ ಆರಂಭದಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, ಅರಣ್ಯ ಹಕ್ಕು ಕಾಯ್ದೆಯಡಿ, ಇಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ದೇಶದಲ್ಲೇ ಅದು ಮೊದಲು. ಆ ಹಕ್ಕಿನಲ್ಲಿ ಕಿರು ಉತ್ಪನ್ನ ಕೊಯ್ಯುವುದು ಮಾತ್ರವಲ್ಲ, ಕಾಡನ್ನು, ವನ್ಯಜೀವಿಗಳನ್ನು ಕಾಪಾಡುವ ಅಧಿಕಾರವೂ ಸೇರಿದೆ. ಹಕ್ಕಿ ದಾರಿಯ ಉಸ್ತುವಾರಿ ಆ ಅಧಿಕಾರವನ್ನು ಕಾಗದದಿಂದ ನೆಲಕ್ಕಿಳಿಸುವ ಕೆಲಸ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಆನೆಯದು. ಬಿಳಿಗಿರಿರಂಗನ ಬೆಟ್ಟ ಆನೆಗಳ ತವರು. ಹುಲಿ, ಚಿರತೆ, ಕರಡಿಯೂ ಧಾರಾಳ. ಲಂಟಾನದ ಗೋಡೆಯ ಆಚೆ ಹತ್ತು ಅಡಿಯಲ್ಲಿ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ಒಬ್ಬ ಪ್ರವಾಸಿಗೆ ಏನಾದರೂ ಆದರೆ ಹೊಣೆ ಹೊರುವವನು ಕೆಳಹಂತದ ಸಿಬ್ಬಂದಿ. ಹಾಗಾಗಿ ಅಧಿಕಾರಿಗಳ ಹಿಂಜರಿಕೆಯನ್ನು ಅಳುಕು ಎಂದು ತಳ್ಳಿಹಾಕುವುದು ಅನ್ಯಾಯ. ಆದರೆ ಅಪಾಯವನ್ನು ಸೊನ್ನೆ ಮಾಡುವುದು ಒಂದು, ಅಂಕೆಯಲ್ಲಿಡುವುದು ಇನ್ನೊಂದು. ಕೇರಳದ ಪೆರಿಯಾರ್ ಕೂಡ ಆನೆ ಹುಲಿಗಳ ಕಾಡೇ. ಅಲ್ಲಿ 1990ರ ದಶಕದ ಕೊನೆಯಿಂದ ಸಣ್ಣ ತಂಡಗಳು ಕಾಲ್ನಡಿಗೆಯಲ್ಲಿ ಕಾಡಿಗೆ ಹೋಗುತ್ತಿವೆ. ದಾರಿ ತೋರುವವರು ಒಂದು ಕಾಲಕ್ಕೆ ಅದೇ ಕಾಡಿನಲ್ಲಿ ಕದ್ದು ಮರದ ತೊಗಟೆ ಸುಲಿಯುತ್ತಿದ್ದವರು, ಕಳ್ಳಬೇಟೆ ಆಡುತ್ತಿದ್ದವರು. ಜೊತೆಗೆ ಬಂದೂಕು ಹಿಡಿದ ಅರಣ್ಯ ರಕ್ಷಕ. ಕಾಡನ್ನು ಬಲ್ಲವರ ಕೈಯಲ್ಲಿ ದಾರಿ ಕೊಟ್ಟದ್ದೇ ಅಲ್ಲಿನ ಸುರಕ್ಷತೆಯ ಗುಟ್ಟು. ಸೋಲಿಗರಿಗಿಂತ ಈ ಬೆಟ್ಟದ ಆನೆಯನ್ನು ಬಲ್ಲವರು ಯಾರು? ಗಾಳಿಯ ದಿಕ್ಕು, ಲದ್ದಿಯ ಬಿಸಿ, ಮುರಿದ ಬಿದಿರು ನೋಡಿ ಇವತ್ತು ಈ ದಾರಿ ಬೇಡ ಎಂದು ಅವರು ಹೇಳಿದರೆ ಅದೇ ಕೊನೆಯ ಮಾತಾಗಬೇಕು, ಮುಂಗಡ ಕಟ್ಟಿದವರು ಎಷ್ಟೇ ಗೊಣಗಲಿ. ಜೊತೆಗೆ ದಾರಿಯ ಎರಡೂ ಬದಿ ಲಂಟಾನ ಕಿತ್ತು ನೋಟ ತೆರೆದಿಡುವುದು, ನೀರಿನ ಗುಂಡಿ, ಆನೆದಾರಿಗಳಿಂದ ದೂರವಿರುವ ಜಾಗ ಆರಿಸುವುದು, ಪೋಡುಗಳ, ಎಂದರೆ ಸೋಲಿಗರ ಹಟ್ಟಿಗಳ, ಆಸುಪಾಸಿನ ಬಫರ್ ಅಂಚಿಗೇ ಸೀಮಿತವಾಗುವುದು. ಕೋರ್ ಪ್ರದೇಶ ಕಾಲ್ನಡಿಗೆಗೆ ಈಗಿರುವಂತೆಯೇ ಮುಚ್ಚಿರಲಿ.

ಎರಡನೆಯ ಆಕ್ಷೇಪ ನೂಕುನುಗ್ಗಲಿನದು. 2024ರ ಜನವರಿಯಲ್ಲಿ ಕುಮಾರ ಪರ್ವತದ ಚಾರಣಕ್ಕೆ ಒಂದೇ ವಾರಾಂತ್ಯ ಜನ ಜಾತ್ರೆಯಂತೆ ನೆರೆದ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಮುಂಗಡ ನೋಂದಣಿ ಮತ್ತು ದಿನಕ್ಕಿಷ್ಟೇ ಮಂದಿ ಎಂಬ ಮಿತಿಗೆ ಬರಬೇಕಾಯಿತು. ಹಕ್ಕಿ ದಾರಿಗೂ ಅದೇ ಗತಿ ಬಂದರೆ? ಬರಲೂಬಹುದು, ಮಿತಿಯನ್ನು ನಂತರದ ಯೋಚನೆಯಾಗಿ ಇಟ್ಟರೆ. ಆದ್ದರಿಂದ ಮಿತಿಯೇ ಮೊದಲ ನಿಯಮವಾಗಬೇಕು: ಒಂದು ದಾರಿಗೆ ಬೆಳಿಗ್ಗೆ ಒಂದೇ ತಂಡ, ಆರು ಮಂದಿ, ಇಬ್ಬರು ಸೋಲಿಗ ಮಾರ್ಗದರ್ಶಕರು. ಎರಡು ಮೂರು ಕಿಲೋಮೀಟರ್, ಮೂರು ಗಂಟೆ, ಮುಗಿಯಿತು. ಅಲ್ಲಿ ಕಟ್ಟಡ, ಕಾಂಕ್ರೀಟ್ ಕಮಾನು, ಸೆಲ್ಫಿ ತಾಣ ಏನೂ ಬೇಡ. ಹಕ್ಕಿ ನೋಡಲು ಬರುವವರು ಜಲಪಾತ ನೋಡಲು ಬರುವವರಷ್ಟು ಎಂದೂ ಇರುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಮಾತಾಡದೆ ನಡೆದು, ಎಲೆಯಷ್ಟು ದೊಡ್ಡ ಹಕ್ಕಿಗಾಗಿ ಕತ್ತು ನೋಯಿಸಿಕೊಳ್ಳುವ ತಾಳ್ಮೆಯೇ ಅರ್ಧ ಜನರನ್ನು ಸೋಸಿಬಿಡುತ್ತದೆ.

ಹಾಗಂತ ಹಕ್ಕಿ ವೀಕ್ಷಕರೆಲ್ಲ ಸಾಧುಗಳೆಂದು ತಿಳಿಯಬೇಕಿಲ್ಲ. ಒಂದು ಒಳ್ಳೆಯ ಚಿತ್ರಕ್ಕಾಗಿ ಗೂಡಿನ ಮುಂದಿನ ಕೊಂಬೆ ಕತ್ತರಿಸುವವರು, ಹುಳ ಚೆಲ್ಲಿ ಹಕ್ಕಿಯನ್ನು ಕ್ಯಾಮೆರಾ ಮುಂದೆ ಕುಣಿಸುವವರು, ಮೊಬೈಲಿನಲ್ಲಿ ಹಕ್ಕಿಯ ಹಾಡು ಹಾಕಿ ಕರೆಸುವವರು ಈ ಬಳಗದಲ್ಲೇ ಇದ್ದಾರೆ. ಮೊಬೈಲಿನ ಹಾಡು ಮರಿ ಮಾಡುವ ಕಾಲದ ಗಂಡುಹಕ್ಕಿಗೆ ಗಡಿಯೊಳಗೆ ನುಗ್ಗಿದ ಎದುರಾಳಿಯ ಕೂಗು. ಗೂಡು ಕಾಯುವ, ಉಣಿಸುವ ಹೊತ್ತನ್ನು ಅದು ಇಲ್ಲದ ವೈರಿಯನ್ನು ಹುಡುಕುವುದರಲ್ಲಿ ಕಳೆಯುತ್ತದೆ. ಅದಕ್ಕೇ ಪಟ್ಟಿಗೆ ಆದ್ಯತೆ, ಚಿತ್ರಕ್ಕಲ್ಲ. ಹಾಡು ಹಾಕುವುದು, ಆಮಿಷ ಚೆಲ್ಲುವುದು, ಗೂಡಿನ ಬಳಿ ನಿಲ್ಲುವುದು ಮಾರ್ಗದರ್ಶಕ ಅಲ್ಲಿಯೇ ನಿಲ್ಲಿಸಿ ವಾಪಸು ಕಳಿಸಬಹುದಾದ ತಪ್ಪುಗಳಾಗಬೇಕು. ನಡಿಗೆಯೇ ಹಕ್ಕಿಗೆ ತೊಂದರೆ ಅಲ್ಲವೇ ಎಂದರೆ, ಸ್ವಲ್ಪ ಹೌದು. ಆದರೆ ಆ ತೊಂದರೆಯನ್ನು ಈಗಿನ ತೊಂದರೆಯ ಪಕ್ಕದಲ್ಲಿಟ್ಟು ತೂಗಬೇಕು: ದಿನಕ್ಕೆರಡು ಬಾರಿ ಧೂಳೆಬ್ಬಿಸುವ ವಾಹನಗಳ ಸಾಲು, ಬೆಟ್ಟದ ದೇವಸ್ಥಾನಕ್ಕೆ ಏರುವ ರಸ್ತೆಯ ಹಾರನ್ನು, ಪ್ಲಾಸ್ಟಿಕ್ಕು. ಮೌನವಾಗಿ ನಡೆಯುವ ಎಂಟು ಜನ ಇವುಗಳ ಮುಂದೆ ಎಷ್ಟರವರು?

ಮೂರನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ದುಬಾರಿ ದುರ್ಬೀನು ಹಿಡಿದ ನಗರದವರಿಗಾಗಿ ಸೋಲಿಗರನ್ನು ಮತ್ತೊಮ್ಮೆ ಚೀಲ ಹೊರುವವರನ್ನಾಗಿ ಮಾಡುವ ಹುನ್ನಾರವಲ್ಲವೇ ಇದು? ಒಂದು ಕಾಲಕ್ಕೆ ಬೇಟೆಗೆ ಬಂದ ದೊರೆಗಳಿಗೂ ಹಕ್ಕಿ ಹೊಡೆದು ಮಾದರಿ ಕೂಡಿಸಿದ ಪಂಡಿತರಿಗೂ ದಾರಿ ತೋರಿದವರು ಇವರೇ. ಪುಸ್ತಕದಲ್ಲಿ ಉಳಿದ ಹೆಸರು ಮಾತ್ರ ಅವರದ್ದಲ್ಲ. ಆದ್ದರಿಂದ ಸಂಬಳದ ಗೈಡ್ ಕೆಲಸ ಕೊಟ್ಟರೆ ಸಾಲದು. ದಾರಿಯ ಒಡೆತನ, ಶುಲ್ಕ ನಿಗದಿ, ಯಾವ ತಿಂಗಳು ಮುಚ್ಚಬೇಕು ಎಂಬ ತೀರ್ಮಾನ, ಬಂದ ಹಣದ ಹಂಚಿಕೆ ಇವು ಗ್ರಾಮಸಭೆಯಲ್ಲಿ ಆಗಬೇಕು. ಪಟ್ಟಿಯ ಒಂದು ಪ್ರತಿ ಪೋಡಿನಲ್ಲೇ ಉಳಿಯಬೇಕು, ಸೋಲಿಗರ ನುಡಿಯ ಹಕ್ಕಿ ಹೆಸರುಗಳೊಂದಿಗೆ. ಅವರ ಹಕ್ಕಿ ಜ್ಞಾನ ದಂತಕಥೆಯಲ್ಲ. 2012ರಲ್ಲಿ ಸಮೀರಾ ಅಗ್ನಿಹೋತ್ರಿ ಮತ್ತು ಆಂಗ್ ಸಿ ಅದರ ಬಗ್ಗೆಯೇ ವಿದ್ವತ್ ಪತ್ರಿಕೆಯಲ್ಲಿ ದೀರ್ಘ ಅಧ್ಯಯನ ಪ್ರಕಟಿಸಿದ್ದಾರೆ. ವಾರಕ್ಕೊಂದು ದಿನ ದಾರಿಯನ್ನು ಯಳಂದೂರು, ಕೊಳ್ಳೇಗಾಲ, ಚಾಮರಾಜನಗರದ ಸರ್ಕಾರಿ ಶಾಲೆಯ ಮಕ್ಕಳಿಗೆ ಪುಕ್ಕಟೆ ಮೀಸಲಿಡಿ. ಬೆಟ್ಟದ ಬುಡದಲ್ಲೇ ಹುಟ್ಟಿ ಆನೆ ದಾಳಿಯ ಸುದ್ದಿಯಲ್ಲಷ್ಟೇ ಕಾಡನ್ನು ಬಲ್ಲ ಮಕ್ಕಳಿಗೆ ಅದರ ಇನ್ನೊಂದು ಮುಖ ಕಾಣಲಿ.

ಸ್ಥಳೀಯರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೇಶದ ಇನ್ನೊಂದು ಮೂಲೆಯ ಉದಾಹರಣೆ ಸಾಕು. ಅರುಣಾಚಲದ ಈಗಲ್‌ನೆಸ್ಟ್ ಅಭಯಾರಣ್ಯದ ಪಕ್ಕದ ಬೆಟ್ಟಗಳಲ್ಲಿ ಬುಗುನ್ ಎಂಬ ಸಣ್ಣ ಬುಡಕಟ್ಟಿದೆ. 2006ರಲ್ಲಿ ರಮಣ ಆತ್ರೇಯ ಎಂಬ ಖಗೋಳ ವಿಜ್ಞಾನಿ, ಹಕ್ಕಿ ನೋಡುವ ಹವ್ಯಾಸದಿಂದಲೇ, ಅಲ್ಲಿ ಜಗತ್ತಿಗೆ ಹೊಸದಾದ ಹಕ್ಕಿಯೊಂದನ್ನು ವಿವರಿಸಿದರು. ಅದಕ್ಕೆ ಬುಗುನರ ಹೆಸರನ್ನೇ ಇಟ್ಟರು. ಇರುವುದೇ ಬೆರಳೆಣಿಕೆಯಷ್ಟು ಎಂಬ ಕಾರಣಕ್ಕೆ ಮಾದರಿಗಾಗಿ ಒಂದನ್ನೂ ಕೊಲ್ಲದೆ, ಚಿತ್ರ, ಕೂಗಿನ ದಾಖಲೆ, ಬಲೆಯಲ್ಲಿ ಉದುರಿದ ಗರಿ ಇಷ್ಟರಿಂದಲೇ ಕೆಲಸ ಮುಗಿಸಿದರು. ಸಲೀಂ ಅಲಿಯ ಕಾಲದ ಬಂದೂಕಿನಿಂದ ಇಲ್ಲಿಯವರೆಗೆ ಹಕ್ಕಿ ವಿಜ್ಞಾನ ನಡೆದುಬಂದ ದೂರ ಅದು. 2017ರಲ್ಲಿ ಬುಗುನರು ತಮ್ಮದೇ ಕಾಡಿನ ಸುಮಾರು 17 ಚದರ ಕಿಲೋಮೀಟರನ್ನು ಸಮುದಾಯ ಮೀಸಲು ಪ್ರದೇಶವಾಗಿ ಬಿಟ್ಟುಕೊಟ್ಟರು. ಆ ಹಕ್ಕಿ ನೋಡಲು ಬರುವವರ ಹಣ ಊರಿಗೆ ಬರುತ್ತದೆ, ಕಾಯುವವರೂ ಊರಿನವರೇ. ನಮ್ಮ ಬೆಟ್ಟದಲ್ಲಿ ಹೊಸ ಹಕ್ಕಿ ಸಿಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಇರುವ ಹಕ್ಕಿ ಉಳಿಯುತ್ತಿದೆಯೇ ಎಂದು ಕಾಯುವ ಕಣ್ಣುಗಳು ಸಿಗುತ್ತವೆ.

ಇದನ್ನೆಲ್ಲ ರಾಜ್ಯಕ್ಕೆ ರಾಜ್ಯವೇ ಒಮ್ಮೆಗೇ ಮಾಡಬೇಕಿಲ್ಲ. ಒಂದು ಬೆಟ್ಟ, ಎರಡು ದಾರಿ, ಮೂರು ವರ್ಷ. ಒಂದು ದಾರಿ ಲಂಟಾನ ಕಿತ್ತ ಜಾಗದಲ್ಲಿ, ಇನ್ನೊಂದು ಕೀಳದ ಜಾಗದಲ್ಲಿ ಇರಲಿ. ಹದಿನೈದು ದಿನಕ್ಕೊಮ್ಮೆಯಾದರೂ ಎರಡರಲ್ಲೂ ತಂಡ ನಡೆಯಲಿ, ಪ್ರವಾಸಿ ಬಂದರೂ ಬರದಿದ್ದರೂ ಮಾರ್ಗದರ್ಶಕರು ಎಣಿಸಲಿ, ಅದಕ್ಕೆ ಕೂಲಿ ಸಿಗಲಿ. ಮೂರು ವರ್ಷದ ಕೊನೆಗೆ ಪಟ್ಟಿಗಳನ್ನು ಗ್ರಾಮಸಭೆಯ ಮುಂದೆಯೂ ಇಲಾಖೆಯ ಮುಂದೆಯೂ ಇಟ್ಟು ಓದಲಿ. ಯಾರಿಗಾದರೂ ಗಾಯವಾಯಿತೇ, ಕಸ ಬಿತ್ತೇ, ಗೂಡುಗಳು ಕೆಟ್ಟವೇ, ಪೋಡಿಗೆ ಹಣ ಬಂತೇ ಎಂಬುದೂ ಅದೇ ಲೆಕ್ಕದಲ್ಲಿ ಬರಲಿ. ಸೋತಿದ್ದರೆ ದಾರಿ ಮುಚ್ಚುವುದಕ್ಕೆ ಒಂದು ಬಿದಿರು ಗಳ ಅಡ್ಡ ಕಟ್ಟಿದರೆ ಸಾಕು. ಕಾಡು ಎರಡು ಮಳೆಗೆ ಅದನ್ನು ನುಂಗಿಕೊಳ್ಳುತ್ತದೆ. ಇಷ್ಟು ಸುಲಭವಾಗಿ ಹಿಂದೆಗೆದುಕೊಳ್ಳಬಹುದಾದ ಪ್ರಯೋಗ ಅರಣ್ಯ ಆಡಳಿತದಲ್ಲಿ ಹೆಚ್ಚಿಲ್ಲ. ಗೆದ್ದಿದ್ದರೆ, ನೆಲ್ಲಿ ಮರದ ಬದನಿಕೆ ಹೆಚ್ಚಿತೋ ತಗ್ಗಿತೋ, ಅದನ್ನು ಹರಡುವ ಆ ಆರು ಗ್ರಾಂ ಹಕ್ಕಿ ಎಷ್ಟು ಬಾರಿ ಕಂಡಿತು ಎಂದು ಊಹೆಯ ಬದಲು ಲೆಕ್ಕ ಇಟ್ಟುಕೊಂಡು ಮಾತಾಡಬಹುದು. ತರಗು ಬೆಂಕಿಯ ಹಳೆಯ ವಾದಕ್ಕೂ ಆಗ ಒಂದು ಸಾಕ್ಷಿ ಸಿಗುತ್ತದೆ.